ಹದಿನಾಲ್ಕು ಹೆಸರುಗಳು

ನಗರದ ಪೂರ್ವ ದಿಕ್ಕಿನಲ್ಲಿರುವ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನಮ್ಮ ಕಾರ್ಮಿಕ ಸಂಘದ ಕಾರ್ಯದರ್ಶಿಯವರು ಸದಸ್ಯರ ಪಟ್ಟಿ ಬರೆದಿಡುವ ಜವಾಬ್ದಾರಿಯನ್ನು ನನಗೆ ಒಪ್ಪಿಸಿದ್ದರು. ಹೊಸದಾಗಿ ಸೇರಿದವರ ಹೆಸರು ಬರೆಯಬೇಕು, ನಿವೃತ್ತರಾದವರ, ತೀರಿಕೊಂಡವರ ಹೆಸರು ಹೊಡೆಯಬೇಕು. ಬರೆಯುವುದನ್ನು ಮಾಡುತ್ತಿದ್ದೆ. ಹೊಡೆಯುವುದನ್ನು ಮಾತ್ರ ನಾಳೆ, ನಾಡಿದ್ದು ಎಂದು ಮುಂದೂಡುತ್ತಾ ಬಂದಿದ್ದೆ. ಮಗಳ ಹತ್ತನೇ ಕ್ಲಾಸು, ಅತ್ತೆಯ ಮಂಡಿನೋವು, ಹೀಗೆ ನೆಪಗಳಿಗೇನೂ ಕೊರತೆ ಇರಲಿಲ್ಲ.

ಆ ವರ್ಷ ಆಡಳಿತದವರು ಎರಡನೇ ಪಾಳಿಯ ಹೊತ್ತಿನಲ್ಲಿ ಡಿಸ್ಪೆನ್ಸರಿ ಮುಚ್ಚುವುದಾಗಿ ನೋಟಿಸು ಹಾಕಿದರು. ಸಂಜೆ ಯಾರಾದರೂ ಕೈ ಕುಯ್ದುಕೊಂಡರೆ ಹೊರಗೆ ಹೋಗಬೇಕು. ಸಂಘ ಮುಷ್ಕರದ ಮಾತೆತ್ತಿತು. ಆದರೆ ನಮ್ಮ ನಿಯಮ ಬಿಗಿ: ಪಟ್ಟಿಯಲ್ಲಿರುವ ಒಟ್ಟು ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಜನ ಗುಪ್ತ ಮತದಾನದಲ್ಲಿ ‘ಬೇಕು’ ಎನ್ನಬೇಕು. ಓಟಿಗೇ ಬಾರದವರು ‘ಬೇಡ’ ಎಂದವರ ಲೆಕ್ಕಕ್ಕೇ ಸೇರುತ್ತಾರೆ.

ನಮ್ಮ ವಿಭಾಗದ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಮುಷ್ಕರವೇ ಇಷ್ಟವಿರಲಿಲ್ಲ. ನನಗೆ ಕೆಲಸ ಕಲಿಸಿದವರು ಅವರು. “ಮಾತಾಡಿ ಬಗೆಹರಿಸ್ಕೋಬಹುದಮ್ಮ, ಮೊದಲನೇ ದಿನಾನೇ ಯಾಕೆ ಗೇಟ್ ಹೊರಗೆ ನಿಲ್ಬೇಕು?” ಎನ್ನುತ್ತಿದ್ದರು. ಮುಚ್ಚುಮರೆಯಿಲ್ಲದೆ ‘ಬೇಡ’ ಎಂದೇ ಹಾಕುವುದಾಗಿ ಹೇಳಿದ್ದರು.

ಮತದಾನ ಮುಗಿದ ಮಧ್ಯಾಹ್ನ ಗೇಟಿನ ಪಕ್ಕದ ಸಂಘದ ಕೋಣೆಯಲ್ಲಿ ಎಣಿಸಿದೆವು. ‘ಬೇಕು’ ಎಂದವರೇ ತುಂಬ ಹೆಚ್ಚು. ಆದರೂ ನಿಯಮದ ಲೆಕ್ಕಕ್ಕೆ ಒಂಬತ್ತು ಓಟು ಕಡಿಮೆ ಬಿತ್ತು. ಎಣಿಕೆಗೆ ಕೂತಿದ್ದ ಫಿಟ್ಟರ್ ಒಬ್ಬ ಸಿಟ್ಟಿನಲ್ಲಿ ಪಟ್ಟಿಯ ಪುಸ್ತಕ ತಿರುವತೊಡಗಿದ. ಒಂದು ಪುಟದಲ್ಲಿ ಅವನ ಬೆರಳು ನಿಂತಿತು. ಕಾರ್ಯದರ್ಶಿಯವರತ್ತ ತಿರುಗಿದ.

“ಅಣ್ಣಾ, ಇವರು ತೀರ್ಕೊಂಡು ಎರಡು ವರ್ಷ ಆಯ್ತಲ್ಲ! ಇಲ್ಲಿ ನೋಡಿ, ಇವರು ರಿಟೈರ್ ಆಗಿ ಊರಿಗೆ ಹೋದ್ರು. ಇವರೆಲ್ಲಾ ಬೇಡ ಅಂದಂಗೆ ಆಯ್ತಾ?”

ಹುಡುಕಿದರೆ ಹದಿನಾಲ್ಕು ಹೆಸರು ಸಿಕ್ಕವು. ಅಷ್ಟನ್ನೂ ತೆಗೆದರೆ ಮೂರರಲ್ಲಿ ಎರಡು ಪಾಲು ಸರಿಯಾಗಿ ಆಗುತ್ತಿತ್ತು. ಹೊಡೆಯದೆ ಬಿಟ್ಟವಳು ನಾನೇ. ಕೋಣೆಯಲ್ಲಿದ್ದವರೆಲ್ಲ ಕಾರ್ಯದರ್ಶಿಯವರ ಮುಖ ನೋಡಿದರು. ಮುಷ್ಕರ ಆಗಲೇಬೇಕೆಂದು ತಿಂಗಳುಗಟ್ಟಲೆ ಓಡಾಡಿದವರು ಅವರೇ. ಅವರೊಮ್ಮೆ ‘ಹೊಡೆದುಬಿಡು’ ಎಂದಿದ್ದರೆ ನಾನು ಆ ಕ್ಷಣವೇ ಹೊಡೆದುಬಿಡುತ್ತಿದ್ದೆ, ನನ್ನ ತಪ್ಪು ಮುಚ್ಚಿಹೋಗುತ್ತದಲ್ಲ ಎಂದು.

ಅವರು ಪುಸ್ತಕ ಮುಚ್ಚಿದರು. “ಇದೇ ಪಟ್ಟಿ ಮೇಲೆ ಓಟು ಕೇಳಿದ್ದೀವಿ. ಸೋತ್ಮೇಲೆ ಹೆಸರು ಹೊಡೆದು ಗೆದ್ವಿ ಅಂದ್ರೆ, ಬೇಡ ಅಂದವರಿಗೆ ನಾಳೆ ಏನಂತ ಮುಖ ತೋರ್ಸೋದು? ಸೋತಿದ್ದೀವಿ. ಹೋಗಿ ಹೇಳೋಣ ನಡೀರಿ.”

ಗೇಟಿನ ಮುಂದೆ ಮೈಕು ಹಿಡಿದು ಅವರು ಫಲಿತಾಂಶ ಹೇಳಿದರು. ಸತ್ತವರ ಹೆಸರು ಉಳಿದುಕೊಂಡಿದ್ದನ್ನೂ ಹೇಳಿದರು. “ನೋಡ್ಕೋಬೇಕಿದ್ದವನು ನಾನು. ತಪ್ಪು ನಂದು” ಎಂದರು. ನನ್ನ ಹೆಸರು ಎತ್ತಲೇ ಇಲ್ಲ. ಹಿಂದಿನಿಂದ ಯಾರೋ ಬೈದರು. ಆ ಮನುಷ್ಯ ತಲೆ ತಗ್ಗಿಸಿ ಬೈಸಿಕೊಳ್ಳುವುದನ್ನು ನೋಡಲಾಗದೆ ನಾನು ಮುಂದೆ ಹೋಗಿ, “ಪಟ್ಟಿ ಬರೆಯೋದು ನಾನು. ಸೋಮಾರಿತನ ಮಾಡ್ದೆ” ಎಂದೆ. ಒಬ್ಬ ಹೆಂಗಸು, “ಸರಿ ಮೇಡಂ, ಈಗಾದ್ರೂ ಸರಿ ಮಾಡಿ” ಎಂದಳು. ಅಷ್ಟೇ. ಅಷ್ಟು ಸುಲಭವಾಗಿ ಕ್ಷಮೆ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮುಂದಿನ ಭಾನುವಾರಗಳಲ್ಲಿ ಕಾರ್ಯದರ್ಶಿಯವರೂ ನಾನೂ ಪಟ್ಟಿ ಹಿಡಿದು ಮನೆಮನೆ ಸುತ್ತಿದೆವು: ಶಿವಾಜಿನಗರ, ಸಿ.ವಿ. ರಾಮನ್ ನಗರ, ಮೆಟ್ರೊ ಹತ್ತಿ ಕೆ.ಆರ್. ಪುರ. ಹಲಸೂರಿನ ಒಂದು ಗಲ್ಲಿಯಲ್ಲಿ, ತೀರಿಕೊಂಡ ಸದಸ್ಯರೊಬ್ಬರ ಹೆಂಡತಿ ಬಾಗಿಲು ತೆಗೆದರು. ತಮಿಳು ಬೆರೆತ ಕನ್ನಡ.

“ವಾಮ್ಮಾ, ಕೂತ್ಕೋ. ಅವರ ಹೆಸರು ಇನ್ನೂ ಇದೆಯಾ?”

“ಇದೆ ಅಮ್ಮ. ತೆಗೀಬೇಕು, ಅದಕ್ಕೇ ಬಂದ್ವಿ.”

“ತೆಗಿಯೋ ಮುಂಚೆ ಒಂದ್ಸಲ ತೋರಿಸ್ತೀಯಾ?”

ತೋರಿಸಿದೆ. ಆಕೆಗೆ ಕನ್ನಡ ಓದಲು ಬರುತ್ತಿರಲಿಲ್ಲ. ಹೆಸರಿನ ಮೇಲೆ ನಾನು ಬೆರಳಿಟ್ಟೆ, ಅದರ ಪಕ್ಕ ಆಕೆ ಬೆರಳಿಟ್ಟರು. “ಸ್ಟ್ರೈಕ್ ಅಂದ್ರೆ ಊಟ ಬಿಟ್ಟು ಓಡೋರು. ಇದ್ದಿದ್ರೆ ಬೇಕು ಅಂತಾನೇ ಹಾಕ್ತಿದ್ರು. ಹೋಗ್ಲಿ, ಇರೋರು ಹಾಕ್ಲಿ, ನೀನು ತೆಗಿ” ಎಂದು ಕಾಫಿ ಮಾಡಲು ಒಳಗೆ ಹೋದರು. ಕಾರ್ಯದರ್ಶಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಆ ಹೆಸರನ್ನು ಅವಸರವಿಲ್ಲದೆ, ಅಡ್ಡಗೆರೆ ಸೊಟ್ಟಗಾಗದಂತೆ ಹೊಡೆದೆ.

ಪಟ್ಟಿ ಶುದ್ಧವಾದ ಮೇಲೆ ಸಂಘದ ಮಹಾಸಭೆ ಸೇರಿತು. ಬಂದು ಓಟು ಹಾಕಿದವರನ್ನಷ್ಟೇ ಲೆಕ್ಕಕ್ಕೆ ತಗೊಳ್ಳಿ ಎಂದು ಫಿಟ್ಟರ್ ವಾದಿಸಿದ. “ಮನೇಲಿ ಮಲಗಿದ್ದವನೂ ಬೇಡ ಅಂದವನೂ ಒಂದೇನಾ?” ಎಂದು ಕೇಳಿದ. ಅದಕ್ಕೆ ನಮ್ಮ ಹಿರಿಯ ಮೆಕ್ಯಾನಿಕ್ ಎದ್ದು, “ಕೆಲಸ ನಿಲ್ಲೋದು ಎಲ್ಲರದ್ದೂ ತಾನೆ? ಎಲ್ಲರನ್ನೂ ಕೇಳ್ಬೇಕು” ಎಂದರು. ಇಬ್ಬರ ಮಾತೂ ನನಗೆ ಸರಿಯೆನಿಸಿತು, ಇವತ್ತಿಗೂ ಅನಿಸುತ್ತದೆ. ಕೊನೆಗೆ ಪಾಲಿನ ಲೆಕ್ಕ ಹಾಗೇ ಉಳಿಯಿತು. ಆದರೆ ಮತದಾನಕ್ಕೆ ಹದಿನೈದು ದಿನ ಮೊದಲೇ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಕು, ಪೆಟ್ಟಿಗೆ ಎರಡೂ ಪಾಳಿಗೆ ತೆರೆದಿರಬೇಕು ಎಂದು ತೀರ್ಮಾನವಾಯಿತು.

ಎರಡನೇ ಸಲ ಮುಷ್ಕರಕ್ಕೆ ಧಾರಾಳವಾಗಿ ಬಹುಮತ ಬಂತು. ನೋಟಿಸು ಕೊಟ್ಟು, ಅವಧಿ ಮುಗಿದ ಮೇಲೆ ಒಂದು ದಿನ ಕೆಲಸ ನಿಲ್ಲಿಸಿದೆವು. ಬೆಳಿಗ್ಗೆ ನಾನು ಗೇಟಿಗೆ ಹೋದಾಗ ಹಿರಿಯ ಮೆಕ್ಯಾನಿಕ್ ಆಗಲೇ ಹೊರಗೆ ನಿಂತಿದ್ದರು.

“ನೀವು ಈ ಸಲಾನೂ ಬೇಡ ಅಂತಾನೇ ಹಾಕಿದ್ರಂತೆ?” ಎಂದೆ.

“ಹೌದು ಕಣಮ್ಮ. ಆದ್ರೆ ಓಟು ಸರಿಯಾಗಿ ಆಯ್ತಲ್ಲ. ಸೋತವನು ಒಳಗೆ ಹೋಗೋಕಾಗುತ್ತಾ?” ಎಂದರು. ಕೈಚೀಲದಿಂದ ಬಾಳೆಹಣ್ಣು ತೆಗೆದು ಕೊಟ್ಟರು, “ತಿಂಡಿ ತಿಂದಿರಲ್ಲ ನೀನು.”

ಮಾತುಕತೆ ನಡೆಯಿತು. ಸಂಜೆಗೆ ವೈದ್ಯರನ್ನು ಕೊಡಲಿಲ್ಲ. ಒಬ್ಬ ನರ್ಸ್ ಇರುತ್ತಾರೆ, ಆಂಬುಲೆನ್ಸ್ ನಿಂತಿರುತ್ತದೆ ಎಂದು ಒಪ್ಪಿದರು. ಕೇಳಿದ್ದರಲ್ಲಿ ಅರ್ಧ. ಹೋದ ತಿಂಗಳು ಎರಡನೇ ಪಾಳಿಯಲ್ಲಿ ಲೋಹದ ಚೂರು ತಾಗಿ ನನ್ನ ಅಂಗೈ ಸೀಳಿತು. ಆ ನರ್ಸ್ ಹತ್ತೇ ನಿಮಿಷದಲ್ಲಿ ತೊಳೆದು ಪಟ್ಟಿ ಕಟ್ಟಿ, “ಬಲಗೈ ಅಲ್ವಲ್ಲ, ಬಿಡಿ” ಎಂದು ನಕ್ಕರು. ನಾನೂ ನಕ್ಕೆ. ಮನೆಗೆ ಹೋಗುವಾಗ ಬೈಯಪ್ಪನಹಳ್ಳಿ ನಿಲ್ದಾಣದಿಂದಲೇ ಕಾರ್ಯದರ್ಶಿಯವರಿಗೆ ಫೋನ್ ಮಾಡಿ ಕೈ ಸೀಳಿದ್ದನ್ನು ಹೇಳಿದೆ. ಅವರು ಈಗ ನಿವೃತ್ತರು. ಸುಮ್ಮನೆ ಥ್ಯಾಂಕ್ಸ್ ಹೇಳಬೇಕೆನಿಸಿತು ಅಣ್ಣ ಎಂದಾಗ, ಯಾತಕ್ಕೆ ಎಂದು ಅವರು ಕೇಳಲಿಲ್ಲ. “ನೋವಿದ್ರೆ ನಾಳೆ ರಜೆ ಹಾಕು” ಎಂದರು.