ಬಾಯಿಲ್ಲದ ದನಿ

ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆ ದುಡಿದವರು ಮಾತನ್ನು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದ ಹಿಡಿಯುತ್ತಾರೆ, ಎದುರಿನವರ ತುಟಿ ನೋಡಿ. ನಮ್ಮವ್ವ ಹರೆಯದಿಂದ ಪವರ್‌ಲೂಮಿನ ಮುಂದೆ ನಿಂತವಳು. ಈಗ ಕಿವಿ ಪೂರ್ತಿ ಮಂದ. ಆದರೆ ಎದುರಿಗೆ ಕೂತು ಮಾತಾಡಿದರೆ ಒಂದಕ್ಷರ ಬಿಡುವುದಿಲ್ಲ. ಹಾಗಾಗಿ ಅವಳಿಗೆ ಕೇಳಿಸದು ಎಂಬುದನ್ನು ಮನೆಯವರೇ ಮರೆತುಬಿಡುತ್ತೇವೆ.

ಅವಳಿಗೆ ಓದು ಬರದು. ಅಪ್ಪ ಇರುವವರೆಗೆ ದಿನಾ ಸಂಜೆ ಎದುರಿಗೆ ಕೂತು ಬೈಬಲ್ ಓದುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಆ ಕೆಲಸ ನನಗೆ ಬಂತು. ದೇವರ ವಾಕ್ಯ ಕೇಳದಿದ್ದರೆ ಅವ್ವನಿಗೆ ಉಂಡ ರೊಟ್ಟಿ ಮೈಗೆ ಹತ್ತದು. ನಾನೋ, ಮಹಾಲಿಂಗಪುರದ ಶಾಲೆಯಲ್ಲಿ ಪಾಠ ಮಾಡಿ, ಬಸ್ಸಿನಲ್ಲಿ ನಿಂತು ಬಂದು, ಮತ್ತೆ ಟ್ಯೂಷನ್ನಿಗೆ ಓಡುವವಳು. ಕೂತಲ್ಲಿ ಕೂರಲಾಗದ ಸ್ವಭಾವ ಬೇರೆ. ಒಂದು ಅಧ್ಯಾಯ ಮುಗಿಯುವುದರೊಳಗೆ ಕೈ ತಾನಾಗಿ ಫೋನಿಗೆ ಹೋಗುತ್ತದೆ. ಕೊನೆಗೆ ಹಳೆಯ ಫೋನೊಂದರಲ್ಲಿ ಬೈಬಲ್ ಓದಿ ಹೇಳುವ ಆ್ಯಪ್ ಹಾಕಿ ಅವಳ ಮುಂದಿಟ್ಟೆ.

"ದೇವರ ಮಾತು ಇದರಾಗ ಐತಿ, ಇನ್ನ ಮ್ಯಾಲೆ ಇದ ಓದತೈತಿ ನೋಡ ಬೇ ಯವ್ವಾ" ಅಂದೆ. ಅವ್ವ ತಲೆಯಾಡಿಸಿದಳು. ದಿನಾ ಸಂಜೆ ಅದನ್ನು ಹಚ್ಚಿಟ್ಟು ಹೋಗುವುದು ರೂಢಿಯಾಯಿತು.

ಈಚೆಗೊಂದು ಶನಿವಾರ ನನ್ನ ತಲೆಯಲ್ಲಿ ಮರುದಿನದ ಭಾಷಣವೇ ಓಡುತ್ತಿತ್ತು. ಚರ್ಚಿನ ಹೆಂಗಸರ ಕೂಟದಲ್ಲಿ ಈ ಕಾಲದ ವಿಗ್ರಹಗಳ ಬಗ್ಗೆ ಮಾತಾಡಬೇಕಿತ್ತು. ಬಂಗಾರ, ಕಾರು, ಮಕ್ಕಳ ಮಾರ್ಕ್ಸು, ಫೋನು, ಒಂದನ್ನೂ ಬಿಡಬಾರದು ಎಂದು ಉಮೇದಿನಲ್ಲಿದ್ದೆ. ಟ್ಯೂಷನ್ ಬೇಗ ಮುಗಿಸಿ ಮನೆಗೆ ಬಂದೆ.

ಗೋಡೆಯ ಶಿಲುಬೆಯ ಕೆಳಗಿನ ಗೂಡಿನಲ್ಲಿ ಫೋನು ನಿಂತಿತ್ತು. ಅದರ ಮುಂದೆ ಅವ್ವ, ತಲೆಯ ಮೇಲೆ ಸೆರಗು ಹೊದ್ದು, ಕೈ ಮುಗಿದು ಕೂತಿದ್ದಳು. ಪರದೆ ಕಪ್ಪಾಗಿತ್ತು. ಒಳಗಿನಿಂದ ಯಾರದೋ ನುಣುಪಾದ ದನಿ ಓದುತ್ತಲೇ ಇತ್ತು.

ಎದುರಿಗೆ ಹೋಗಿ ಕೇಳಿದೆ, "ಯವ್ವಾ, ತಿಳೀತೈತೇನ?"

"ಅದಕ್ಕ ಬಾಯಿನ ಇಲ್ಲ. ಏನ್ ತಿಳೀತೈತಿ?"

"ಮತ್ತ ದಿನಾ ಯಾಕ ಕುಂದರತಿ?"

"ನೀ ಇಟ್ಟ ಹೋಗ್ತಿಯಲ್ಲ. ದೇವರ ಮಾತು ಅದರಾಗ ಐತಿ ಅಂದಿ. ಕುಂತೇನಿ."

ಜೀವಮಾನದಲ್ಲಿ ಯಾವ ಮೂರ್ತಿಯ ಮುಂದೂ ಕೂರದವಳನ್ನು ನಾನೇ ಕೈಯಾರೆ ಕೂರಿಸಿದ್ದೆ. ಇಷ್ಟು ದಿನ ಅವಳು ವಾಕ್ಯವಿಲ್ಲದೆ ಹಸಿದೇ ಮಲಗಿದ್ದಳು. ಮರುದಿನ ಊರವರ ವಿಗ್ರಹ ಒಡೆಯಲು ಹೊರಟವಳು ನಾನು!

ಫೋನು ಆರಿಸಿ, ಅಪ್ಪನ ಬೈಬಲ್ ತಂದು ಎದುರಿಗೆ ಕೂತೆ. ಭಾಷಣಕ್ಕೆಂದು ಗುರುತು ಹಾಕಿದ್ದ ಕೀರ್ತನೆಯನ್ನೇ ಓದತೊಡಗಿದೆ. ವಿಗ್ರಹಗಳಿಗೆ ಬಾಯಿದ್ದರೂ ಮಾತಿಲ್ಲ, ಕಿವಿಯಿದ್ದರೂ ಕೇಳಿಸದು ಎನ್ನುವ ಭಾಗ. ಅವ್ವನ ಕಣ್ಣು ನನ್ನ ತುಟಿ ಬಿಟ್ಟು ಕದಲಲಿಲ್ಲ. ಅವಳ ಮುಖ ಅರಳುವುದನ್ನು ಕಂಡು ನನಗೆ ಅಳು ಬಂತು.

ಅಷ್ಟರಲ್ಲಿ ಚೀಲದೊಳಗೆ ನನ್ನ ಫೋನು ಗುಂಯ್‌ಗುಟ್ಟಿತು. ನಾನು ಓದುವುದನ್ನು ನಿಲ್ಲಿಸಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಕುತ್ತಿಗೆ ಆ ಕಡೆ ಹೊರಳಿಬಿಟ್ಟಿತ್ತು.

ಒರಟು ಬೆರಳುಗಳು ನನ್ನ ಗದ್ದ ಹಿಡಿದು ತಿರುಗಿಸಿದವು.

"ಮಾರಿ ಈ ಕಡಿ ಇರಲಿ ಯವ್ವಾ" ಅಂದಳು ಅವ್ವ, "ದೇವರ ಮಾತು ಅರ್ಧಕ್ಕ ನಿಂತೈತಿ."