ಗೋದಾಮಿನ ಕೆಳಗಿನ ಕಣ

ದೆವ್ವ, ಗಾಳಿ, ಮಾಟ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ಅಂಥ ಮಾತು ಕೇಳಿದರೆ ಮೈ ಉರಿಯುತ್ತದೆ. ಆದರೂ ಇದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಒಬ್ಬ ಮನುಷ್ಯ ಸಾಯುವವರೆಗೂ ನನ್ನನ್ನು ಕಳ್ಳ ಎಂದ. ನಾನು ಕಳ್ಳನಲ್ಲ.

ಮಹಾಯುದ್ಧದ ಕಾಲ. ಮದಲೂರು ಕೆರೆಯಿಂದಾಚೆ ಬಯಲಿನಲ್ಲಿ ಯುದ್ಧವಿಮಾನಗಳಿಗೆ ಬೇಕಾದ ಸಾಮಾನಿನ ಗೋದಾಮು ಎದ್ದಿತು. ಟೈರು, ಪ್ಯಾರಾಚೂಟು, ರೆಕ್ಕೆಗೆ ಹೊದಿಸುವ ಬಟ್ಟೆ, ಎಲ್ಲ ಸಿರಾ ಕಡೆಯಿಂದ ಲಾರಿಗಳಲ್ಲಿ ಬರುತ್ತಿತ್ತು. ವಿಮಾನವನ್ನು ಮಾತ್ರ ನಾವ್ಯಾರೂ ಹತ್ತಿರದಿಂದ ಕಾಣಲಿಲ್ಲ. ಐ.ಡಿ.ಹಳ್ಳಿಯ ಒಕ್ಕಲು ಮನೆಯವನಾದ ನನಗೆ ಅಲ್ಲಿ ಕಾವಲಿನ ಕೆಲಸ ಸಿಕ್ಕಿತು, ಜೊತೆಗೆ ಬೂಟು. ನಮ್ಮ ವಂಶದಲ್ಲಿ ಬೂಟು ಹಾಕಿದ ಮೊದಲಿಗ ನಾನೇ. ಜಂಬ ಇತ್ತು, ಇಲ್ಲ ಅನ್ನುವುದಿಲ್ಲ.

ದೊಡ್ಡ ಶೆಡ್ಡು ಕಟ್ಟಿದ್ದು ರಂಗಜ್ಜ ಎಂಬ ಮುದುಕನ ಕಣದ ಮೇಲೆ. ರಾಗಿ ತುಳಿಸುವ ಕಣ ಎಂದರೆ ನಮ್ಮವರಿಗೆ ಗುಡಿ ಇದ್ದ ಹಾಗೆ. ಮೆಟ್ಟು ಬಿಟ್ಟೇ ಕಾಲಿಡಬೇಕು. ನಡುವೆ ನೆಟ್ಟ ಕಂಬಕ್ಕೆ ಎತ್ತು ಕಟ್ಟಿ ಸುತ್ತಿಸುತ್ತಾರೆ. ಆ ಕಂಬವೇ ಮೇಟಿ. ಕಣ ಬಿಡುವಾಗ ಆ ಮನೆಯವರೇ ಪೂಜೆ ಮಾಡಿ ಮೇಟಿ ಕೀಳಬೇಕು. ಕಂತ್ರಾಟುದಾರ ಅದಕ್ಕೆಲ್ಲ ಕಾಯಲಿಲ್ಲ. ಮೇಟಿಯನ್ನು ನೆಲಸಮ ಕೊಯ್ಸಿ ಮೇಲೆ ಸಿಮೆಂಟು ಬಳಿಸಿಬಿಟ್ಟ.

ಆ ವರ್ಷದ ರಾಗಿ ತುಳಿಸದೆ ತೆನೆ ಸಮೇತ ರಂಗಜ್ಜನ ಮನೆ ಮುಂದೆ ಮೆದೆಯಾಗಿ ನಿಂತಿತ್ತು. ಹಳೇ ಮೇಟಿ ಕೈಗೆ ಬರದೆ ಹೊಸ ಕಣ ಮಾಡುವುದಿಲ್ಲ ಎಂದು ಅವನ ಹಟ. ಮನೆ ಮಂದಿಗೆಲ್ಲ ವರ್ಷದ ಹಿಟ್ಟು ಅದೊಂದೇ. ದಿನಾ ಗೇಟಿಗೆ ಬಂದು ನನ್ನ ಮೇಲೆ ಎಗರಾಡುತ್ತಿದ್ದ.

“ಒಕ್ಕಲು ಮಗ ಆಗಿ ಕಣದ ಮ್ಯಾಲೆ ಬೂಟ್ ಮೆಟ್ಕಂಡು ತಿರುಗ್ತೀಯಲ್ಲೋ, ನಿಂಗೆ ಅನ್ನ ಹುಟ್ಟುತ್ತೇನ್ಲಾ?”

“ನೋಡಜ್ಜ, ಸಿಮೆಂಟ್ ಒಡಿಯಾಕೆ ನಾನ್ಯಾರು? ಸಾಹೇಬ್ರನ್ನ ಕೇಳೋಗು. ನನ್ ತಲೆ ತಿನ್‌ಬ್ಯಾಡ.”

“ಸಾಹೇಬ್ರಿಗೇನ್ ಗೊತ್ತು ಕಣ ಅಂದ್ರೆ? ನಿಂಗೊತ್ತು ಕಣ್ಲಾ. ಅದ್ಕೇ ನಿನ್ನ ಕೇಳ್ತಿರಾದು.”

ಒಂದು ಮಧ್ಯಾಹ್ನ ಬೀಗ ತೆಗೆದು ಶೆಡ್ಡಿನೊಳಗೆ ಹೋದೆ. ಟೈರಿನ ವಾಸನೆ ಇರಬೇಕಾದ ಕಡೆ ರಾಗಿಹುಲ್ಲಿನ, ಸಗಣಿಯ ವಾಸನೆ. ಆಮೇಲೆ ಗೊರಸಿನ ಸದ್ದು. ಕಣ್ಣಿಗೆ ಏನೂ ಕಾಣದು. ಸದ್ದು ಮಾತ್ರ ನನ್ನ ಸುತ್ತ ಸುತ್ತುತ್ತಿತ್ತು, ಕಣದಲ್ಲಿ ಎತ್ತು ಸುತ್ತುವ ಹಾಗೆಯೇ. ಬಿಸಿ ಉಸಿರು ಕತ್ತಿಗೆ ಬಡಿಯಿತು. ಯಾವುದೋ ಭಾರಿ ಮೈ ತೋಳಿಗೆ ಗುದ್ದಿ ನನ್ನನ್ನು ಕೆಡವಿತು. ಏಳಲು ಹೋದರೆ ಮತ್ತೆ ಗುದ್ದು. ಅಯ್ಯೋ, ಸತ್ತೆ ಅಂದುಕೊಂಡೆ. ಏನು ತೋಚಿತೋ, ಬಿದ್ದಲ್ಲೇ ಬೂಟು ಕಿತ್ತು ಬಿಸಾಕಿದೆ. ಸದ್ದು ನಿಂತಿತು. ಬೂಟಿಗೆ ಕೈ ಚಾಚಿದೆ, ಮತ್ತೆ ಶುರು. ಬೂಟನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಓಡಿಬಂದು ಬೀಗ ಜಡಿದೆ.

ಮರುದಿನ ಗೋದಾಮಿನ ಸಾಹೇಬರ ಎದುರಿಗೇ ಬೀಗ ತೆಗೆದೆ. ನೆಲ ಗುಡಿಸಿಟ್ಟಷ್ಟು ಚೊಕ್ಕಟ. ನನ್ನ ಬೂಟು ಎರಡರಲ್ಲೂ ಕಂಠಮಟ್ಟ ರಾಗಿ! ನಡೆದದ್ದನ್ನು ಹೇಳಿದರೆ, ತಮಾಷೆ ಮಾಡುತ್ತೀಯಾ ಎಂದು ಸಾಹೇಬರು ಉಗಿದರು. ಕೆಲಸ ಹೋಯಿತು.

ರಾಗಿ ತುಂಬಿದ ಬೂಟು ಹಿಡಿದು ನೇರ ರಂಗಜ್ಜನ ಮನೆಗೆ ನಡೆದೆ, ಜಗಳಕ್ಕೇ. ಅಲ್ಲಿ ನೋಡಿದರೆ ಮುದುಕ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಹಿಟ್ಟಿಗಿಲ್ಲವೆಂದು ಸೊಸೆ ಒಂದಿಷ್ಟು ತೆನೆ ಬಡಿದುಕೊಳ್ಳಲು ಮೆದೆಯಿಂದ ಕಟ್ಟು ಎಳೆದಿದ್ದಳಂತೆ. ಕಟ್ಟಿದ್ದು ಕಟ್ಟಿದ ಹಾಗೇ ಇತ್ತು, ತೆನೆಯಲ್ಲಿ ಕಾಳಿಲ್ಲ. ಮೆದೆಯನ್ನೆಲ್ಲ ಕೆಡವಿದರೂ ಬರೀ ಹುಲ್ಲು. ಅಷ್ಟರಲ್ಲಿ ಅವನ ಕಣ್ಣು ನನ್ನ ಬೂಟಿನ ಮೇಲೆ ಬಿತ್ತು.

“ನನ್ ರಾಗಿ ಎಲ್ಲಿಟ್ಟಿದ್ದೀಯ ಬೊಗಳ್ಲಾ, ಕಳ್‌ನನ್‌ಮಗನೆ!”

ಯುದ್ಧ ಮುಗಿದು ಗೋದಾಮು ಕಿತ್ತರು. ಸಿಮೆಂಟು ಒಡೆದಾಗ ಹೂತಿದ್ದ ಮೇಟಿಯ ಬುಡವೂ ರಂಗಜ್ಜನ ಕೈಗೆ ಬಂತು. ಕೋಪ ಮಾತ್ರ ಇಳಿಯಲಿಲ್ಲ. ಸಿರಾ ಸಂತೆಯಲ್ಲಿ ಕಂಡರೆ ಸಾಕು, ಜನರ ನಡುವೆ ನನ್ನ ಕೊರಳಪಟ್ಟಿ ಹಿಡಿಯುತ್ತಿದ್ದ. “ಒಂದ್ ವರ್ಸದ ಹಿಟ್ಟು ಕಣ್ಲಾ. ಕೊಡು.”

ಬೂಟಿನಲ್ಲಿದ್ದ ರಾಗಿಯನ್ನು ಅವತ್ತೇ ಅವನ ಅಂಗಳದಲ್ಲಿ ಸುರಿದು ಬಂದಿದ್ದೆ. ಉಳಿದದ್ದನ್ನು ನಾನು ಎಲ್ಲಿಂದ ತಂದು ಕೊಡಲಿ, ನೀವೇ ಹೇಳಿ.