ಕೌದಿ ಚಿಪ್ಪಿನ ಆಮೆ

ಗೆಳೆಯರೇ, ಅಣ್ಣನ ಮಗಳು ಇಂದು ಶಾಲೆಯ ವೇಷಸ್ಪರ್ಧೆಯಲ್ಲಿ ಆಮೆಯಾದಳು.

"ಸೊಲ್ಲಾಪುರ ರಸ್ತೇದಾಗ ರಾಣಿ ಡ್ರೆಸ್ ಬಾಡಗಿಗೆ ಸಿಗ್ತಾವು. ಆಮಿ ಅಂದ್ರ ಎಲ್ಲಾರೂ ನಗ್ತಾರ," ಎಂದಿದ್ದರು ಅವಳ ತಾಯಿ, ನನ್ನ ವೈನಿ.

"ನಗಲಿ. ನಾ ಆಮಿನ ಆಗಾಕಿ," ಎಂದಳು ಹುಡುಗಿ.

ನಾನು ವಾದಕ್ಕಿಳಿಯದೆ ಹಳೆಯ ಸೀರೆಗಳ ತುಂಡು ಜೋಡಿಸಿ, ಕೌದಿಯಂತೆ ಚಿಪ್ಪು ಹೊಲಿದೆ. ಅಜ್ಜಿ ಕೌದಿಯ ಪದ್ಧತಿ ಬಿಡಲಿಲ್ಲ: "ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲಿ ಬೇ. ಕೌದಿ ಹಸದಿರಬಾರ್ದು."

ವೇದಿಕೆಯ ಮೇಲೆ ಆಮೆ ಮಾತು ಮರೆತು ತಲೆ ಒಳಗೆಳೆದುಕೊಂಡಳು. ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಒಳಗೇ ಹೊಲಿಗೆ ಬಿಚ್ಚಿ, ರೊಟ್ಟಿ ಅಗಿಯುತ್ತ ತಲೆ ಹೊರಹಾಕಿ, "ನನಗೇನ್ ಗಡಿಬಿಡಿ ಇಲ್ರಿ," ಎಂದಳು.

ಬಹುಮಾನ ರಾಣಿಯೊಬ್ಬಳಿಗೆ ಹೋಯಿತು. ಮುಂದಿನ ವರ್ಷವೂ ಇವಳು ಆಮೆಯೇ ಅಂತೆ. ಬಿಚ್ಚಿದ ಮೂಲೆಯನ್ನು ಈಗಲೇ ಹೊಲಿಯುತ್ತಿದ್ದೇನೆ. ಈ ಸಲ ರೊಟ್ಟಿಯ ಚೂರು ದೊಡ್ಡದು.